ಮಾರ್ವೆಲ್‌ನ ಅವಸರ, ಗೊಬ್ಬೂರದ ಪುರುಸೊತ್ತು

ನಮ್ಮ ಗೊಬ್ಬೂರದಲ್ಲಿ ಯಾರನ್ನಾದರೂ ಯಾವುದಕ್ಕಾದರೂ ಒಪ್ಪಿಸಬೇಕಾದರೆ ಮೊದಲು ಕೂಡಬೇಕು. ನಿಂತು ಆಡಿದ ಮಾತನ್ನು ಇಲ್ಲಿ ಯಾರೂ ಮಾತೆಂದು ಹಿಡಿಯುವುದಿಲ್ಲ. ಕಲಬುರಗಿ ಬಸ್ಸಿಗೆ ಕಾಯುತ್ತ ನಿಂತವನಿಗೂ ಹೊಟೇಲಿನ ಬಾಕಿನ ಮೇಲಿಂದ ಕರೆ ಬರುತ್ತದೆ, "ಬರ್ರಿ ಸರ, ಚಹಾ ಕುಡೀರಿ." "ಒಲ್ಲೆರಿ, ಈಗ ಕುಡದೇ ಬಂದೀನಿ" ಎನ್ನಬೇಕು. "ಕುಡದ್ರೇನಾತು, ಅರ್ಧಾ ಕುಡೀರಿ" ಎಂದು ಅವರು. "ಪಿತ್ತ ಆಗ್ತದ್ರಿ" ಎಂದು ನಾವು. "ಸಕ್ರಿ ಕಮ್ಮಿ ಹಾಕಸ್ತೀನಿ" ಎಂದು ಅವರು. ಪಿತ್ತಕ್ಕೂ ಸಕ್ಕರೆಗೂ ಏನು ಸಂಬಂಧ ಎಂದು ಯಾರೂ ಕೇಳುವುದಿಲ್ಲ. ಮೂರನೆಯ ಸಲ ಒಲ್ಲೆ ಎನ್ನುವಷ್ಟರಲ್ಲಿ ಕಪ್ಪು ಕೈಯಲ್ಲಿರುತ್ತದೆ. ಮೊದಲನೆಯ ಸಲಕ್ಕೇ ಹೂಂ ಅಂದವನು ಹಪಾಪಿ, ನಾಲ್ಕನೆಯ ಸಲವೂ ಒಲ್ಲೆ ಅಂದವನು ಸೊಕ್ಕಿನವ ಎಂದು ಊರು ಗುರುತಿಟ್ಟುಕೊಳ್ಳುತ್ತದೆ.

ಚಹಾದ್ದೇ ಇಷ್ಟು ಅಂದಮೇಲೆ ಹೆಣ್ಣು ಕೇಳುವ ಮಾತು ಎಷ್ಟಿರಬೇಡ? ಬಂದವರು ಮಳೆ, ತೊಗರಿ ಧಾರಣೆ, ಹುಣ್ಣಿಮೆಗೆ ಗಾಣಗಾಪುರದಲ್ಲಾದ ಗದ್ದಲ, ಯಾರದೋ ಮೊಣಕಾಲು ನೋವು ಎಲ್ಲ ಮುಗಿಸಿ, ಎದ್ದು, ಚಪ್ಪಲಿ ಮೆಟ್ಟಿಕೊಂಡ ಮೇಲೆ, "ಅಂದ್ಹಂಗ, ಹುಡುಗಿಗಿ ಎಲ್ಲ್ಯಾರ ನೋಡ್ಲತ್ತೀರೇನು?" ಎನ್ನುತ್ತಾರೆ. ಅವರು ಬಂದದ್ದು ಅದೊಂದೇ ಕೆಲಸಕ್ಕೆ ಎಂಬುದು ಮನೆಯ ಬೆಕ್ಕಿಗೂ ಮೊದಲೇ ಗೊತ್ತಿರುತ್ತದೆ. ಆದರೂ ಎಲ್ಲರೂ ಈಗ ಹೊಳೆಯಿತೆಂಬಂತೆ ಮತ್ತೆ ಕೂಡುತ್ತಾರೆ, ಮತ್ತೆ ಚಹಾ ಬರುತ್ತದೆ.

ಅವಸರ ಮಾಡಿ ಒಪ್ಪಿಸುವ ವಿದ್ಯೆಯನ್ನು ನಾನು ಕಂಡದ್ದು ಎರಡೇ ಜಾತಿಯವರಲ್ಲಿ. ಒಂದು ವಿಮಾ ಏಜೆಂಟರು, ಇನ್ನೊಂದು 17ನೇ ಶತಮಾನದ ಇಂಗ್ಲಿಷ್ ಕವಿಗಳು. "ಟೈಮ್ ಯಾರ ಕೈಯಾಗ ಅದ್ರಿ?" ಎಂದು ಇಬ್ಬರೂ ಶುರು ಮಾಡುತ್ತಾರೆ. ನಾವು ಸತ್ತ ಮೇಲಿನ ಚಿತ್ರವನ್ನು ನಮ್ಮೆದುರಿಗೇ ಬಿಡಿಸುತ್ತಾರೆ. ಕೊನೆಗೆ ಇವತ್ತೇ ಆಗಬೇಕು ಎನ್ನುತ್ತಾರೆ. ಏಜೆಂಟರು ಮಾರ್ಚ್ 31ರ ತನಕವಾದರೂ ಕಾಯುತ್ತಾರೆ. ಕವಿಗಳಿಗೆ ಅಷ್ಟೂ ತಾಳ್ಮೆ ಇಲ್ಲ.

ಈ ಕವಿಗಳಿಗೆ 'ಮೆಟಫಿಸಿಕಲ್' ಎಂಬ ಹಣೆಪಟ್ಟಿ ಅಂಟಿದ್ದು ಅವರೆಲ್ಲ ಸತ್ತ ಎಷ್ಟೋ ಕಾಲಕ್ಕೆ. ಹೆಂಗಸರ ಮನಸ್ಸು ಒಲಿಸುವುದು ಬಿಟ್ಟು ತತ್ತ್ವಶಾಸ್ತ್ರ ಹೇಳಿ ಅವರ ತಲೆ ಕೆಡಿಸುತ್ತಾನೆ ಎಂದು ಜಾನ್ ಡನ್ನನ ಮೇಲೆ 1693ರಲ್ಲಿ ಡ್ರೈಡನ್ ತಕರಾರು ತೆಗೆದ. 1779ರಲ್ಲಿ ಡಾಕ್ಟರ್ ಜಾನ್ಸನ್ ಆ ತಕರಾರಿಗೆ ಮುದ್ರೆ ಒತ್ತಿದ. ಆಮೇಲೆ ಅಟ್ಟ ಸೇರಿದ ಈ ಕವಿಗಳನ್ನು 1921ರಲ್ಲಿ ಗ್ರಿಯರ್‌ಸನ್ ಒಂದು ಸಂಕಲನ ಮಾಡಿ ಕೆಳಗಿಳಿಸಿದ, ಎಲಿಯಟ್ ಅದಕ್ಕೊಂದು ವಿಮರ್ಶೆ ಬರೆದ, ಅಲ್ಲಿಂದ ಅವರು ಪಠ್ಯಪುಸ್ತಕಕ್ಕೆ ಬಂದರು. ಪಠ್ಯಪುಸ್ತಕದಿಂದ ನನ್ನ ಪಾಲಿಗೆ ಬಂದರು. ಬಿ.ಎ. ಹುಡುಗರಿಗೆ ಅವರನ್ನು ಪಾಠ ಮಾಡಿಯೇ ನಾನು ಹೊಟ್ಟೆ ಹೊರೆದದ್ದು.

ಆಂಡ್ರೂ ಮಾರ್ವೆಲ್ (1621-1678) ಬರೆದ 'ಟು ಹಿಸ್ ಕಾಯ್ ಮಿಸ್ಟ್ರೆಸ್' ಎಂಬ 46 ಸಾಲಿನ ಕವಿತೆ ಈ ಪೈಕಿ ಎಲ್ಲರಿಗೂ ಗೊತ್ತಿರುವಂಥದು. ನಾಚುತ್ತ ಹಿಂದೆ ಸರಿಯುವ ಹುಡುಗಿಗೆ ಅವನ ವಾದ ಮೂರು ಮೆಟ್ಟಿಲಿನದು. ನಮಗೆ ಪುರುಸೊತ್ತು ಇದ್ದಿದ್ದರೆ ನಿನ್ನ ನಾಚಿಕೆ ತಪ್ಪೇನೂ ಆಗುತ್ತಿರಲಿಲ್ಲ. ಪುರುಸೊತ್ತು ಇಲ್ಲ. ಆದಕಾರಣ ಬಾ. ಊರಿಗೆ ಬಂದಾಗ ಒಂದು ರಜೆಯ ಮಧ್ಯಾಹ್ನ ಕಾಕಾ, "ಏನ್ ಪಾಠ ಹೇಳ್ತೀಪಾ ನೀ ಹುಡುಗುರಿಗಿ?" ಎಂದು ಕೇಳಿದ್ದಕ್ಕೆ ಇದನ್ನೇ ಹೇಳಲು ಕೂತೆ. ಕಾಕಾ ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತನಾದವ. ಯಾವ ಕತೆ ಹೇಳಿದರೂ ಅದರೊಳಗಿನ ಅಂಕಿಗಳನ್ನು ಬೇರೆ ತೆಗೆದು ಬೆರಳ ಗೆಣ್ಣಿನ ಮೇಲೆ ಕೂಡಿಸುವುದು ಅವನ ರೂಢಿ.

ಪುರುಸೊತ್ತು ಇದ್ದಿದ್ದರೆ ಕಣ್ಣು ಮತ್ತು ಹಣೆ ಹೊಗಳಲಿಕ್ಕೆ 100 ವರ್ಷ ಕೊಡುತ್ತಿದ್ದೆ ಅಂತಾನೆ, ಎಂದೆ. "ನೂರು," ಎಂದು ಕಾಕಾ ಹೆಬ್ಬೆರಳು ಊರಿದ. ಮುಂದಿನದು ಎದೆಯ ಬಾಬತ್ತು. ಒಂದೊಂದಕ್ಕೆ 200ರಂತೆ ಕವಿ 400 ವರ್ಷ ಎತ್ತಿಟ್ಟಿದ್ದಾನೆ. ಪಡಸಾಲೆಯಲ್ಲಿ ದೊಡ್ಡವ್ವ ಮೊರದ ತುಂಬ ತೊಗರಿ ಬೇಳೆ ಹರವಿಕೊಂಡು ಹಸನು ಮಾಡುತ್ತ ಕೂತಿದ್ದಳು. ನಾನು ಸಣ್ಣಗೆ ಕೆಮ್ಮಿ, ಉಳಿದದ್ದಕ್ಕೆಲ್ಲ ಸೇರಿ 30,000 ಎಂದು ದಾಟಿಬಿಟ್ಟೆ. "ಮೂವತ್ತು ಸಾವಿರದ ನೂರು" ಎಂದು ಕಾಕಾ ಮೊತ್ತ ಹೇಳಿದ. ಪುಸ್ತಕದ ಪ್ರಕಾರ 30,500 ಬರಬೇಕು. ನಾಲ್ಕು ಶತಮಾನ ಒಂದು ಕೆಮ್ಮಿನಲ್ಲಿ ಹೋದವು. ಮರುಗಳಿಗೆಯೇ ಕಾಕಾ, "ಇಷ್ಟು ವರ್ಷ ಎಲ್ಲಿಂದ ತರ್ತಾನಪಾ ಇವಾ? ಠರಾವು ಪಾಸ್ ಮಾಡ್ಯಾನ, ಗಲ್ಲಾದಾಗ ಏನೂ ಇಲ್ಲ" ಅಂದ. ಅಲ್ಲಿಗೆ ಕವಿತೆಯ ಎರಡನೆಯ ಭಾಗದ ಸಾರಾಂಶ ನಾನು ಹೇಳುವ ಮೊದಲೇ ಮುಗಿದಿತ್ತು.

ನಿಜ ಹೇಳಬೇಕೆಂದರೆ ನಮ್ಮ ಮನೆಯವರಿಗೆ ಹಿಡಿಸಿದ್ದು ಮೊದಲನೆಯ ಭಾಗವೇ. ಗಿಡಮರದ ಹಾಗೆ ಸಾವಕಾಶ ಬೆಳೆದು ಸಾಮ್ರಾಜ್ಯಗಳಿಗಿಂತ ವಿಸ್ತಾರವಾಗುವ ಪ್ರೀತಿ, ಯುಗಗಟ್ಟಲೆ ನಡೆಯುವ ಹೊಗಳಿಕೆ, ಪ್ರಳಯಕ್ಕೂ ಹತ್ತು ವರ್ಷ ಮೊದಲೇ ಶುರುವಾಗುವ ಓಲೈಕೆ. ಇಂಗ್ಲಿಷ್ ಓದುಗರು ಇದನ್ನು ಚೇಷ್ಟೆಯ ಉತ್ಪ್ರೇಕ್ಷೆ ಎಂದು ಓದುತ್ತಾರೆ. ಗೊಬ್ಬೂರದಲ್ಲಿ ಇದು ಸಭ್ಯ ವರನ ಲಕ್ಷಣವಾಗಿ ಕಂಡಿತು. ಹುಡುಗ ಛಲೋ ಅದಾನ, ಮಾತು ಇಲ್ಲಿಗೇ ನಿಲ್ಲಿಸಿದ್ದರೆ ಸಂಬಂಧ ಕುದುರುತ್ತಿತ್ತು ಎಂಬುದು ಒಟ್ಟಾರೆ ಅಭಿಪ್ರಾಯ.

ಅವನು ನಿಲ್ಲಿಸಲಿಲ್ಲ. ಬೆನ್ನ ಹಿಂದೆ ಕಾಲದ ರಥ ಬರುತ್ತಿದೆ ಎಂದ. ನೀನು ಗೋರಿಯೊಳಗೆ ಮಲಗಿದ ಮೇಲೆ ನನ್ನ ಹಾಡು ನಿನಗೆ ಕೇಳಿಸುವುದಿಲ್ಲ, ಇಷ್ಟು ದಿನ ಕಾಪಾಡಿಕೊಂಡದ್ದು ಹುಳುಗಳ ಪಾಲು ಎಂದ. ಇಷ್ಟು ಹೇಳಿದ್ದೇ ತಡ, ದೊಡ್ಡವ್ವ ಬೇಳೆಯಿಂದ ತಲೆ ಎತ್ತಿದಳು.

"ಹೆಣ್ಣು ಕೇಳ್ಲಾಕ ಹ್ವಾದಾಂವ ಸುಡಗಾಡದ ಮಾತು ಆಡ್ತಾನೇನು? ಹಿರ್‍ಯಾರು ಯಾರೂ ಇರಲಿಲ್ಲೇನು ಸಂಗಾಟ?"

ದೀಪ ಆರಿಸು ಅನ್ನದೆ ಶಾಂತ ಮಾಡು ಅನ್ನುವ ಮನೆ ನಮ್ಮದು. ಅಲ್ಲಿ ಕೂತು ಹುಳುಗಳ ವಿಷಯ ತೆಗೆದವನಿಗೆ ಹೆಣ್ಣು ಹೋಗಲಿ, ನೀರೂ ಸಿಕ್ಕಲಿಕ್ಕಿಲ್ಲ. ನಾನು ಆ ಕಾಲದ ಇಂಗ್ಲೆಂಡಿನ ಸ್ಥಿತಿ ಹೇಳಲು ನೋಡಿದೆ. 1642ರಿಂದ ಅಂತರ್ಯುದ್ಧ, 1649ರಲ್ಲಿ ರಾಜನ ತಲೆಯನ್ನೇ ಕಡಿದರು, ಪ್ಲೇಗು ಬಂದು ಬಂದು ಹೋಗುತ್ತಿತ್ತು, ನಾಳೆ ಎಂಬ ಮಾತಿಗೆ ಅಲ್ಲಿ ಅಷ್ಟೇನೂ ಬೆಲೆ ಇರಲಿಲ್ಲ. "ನಮ್ಮಲ್ಲಿ ಪ್ಲೇಗ್ ಬಂದಿಲ್ಲೇನು?" ಎಂದು ದೊಡ್ಡವ್ವ. ಇಂಥವರಿಗೆ ಇತಿಹಾಸ ಹೇಳಬಾರದು.

ಅವಸರದ ಉಪದೇಶ ಕೊಟ್ಟವರೆಲ್ಲ ಅವಸರವಾಗಿ ಮದುವೆಯಾದರೆಂದೂ ತಿಳಿಯಬೇಕಾಗಿಲ್ಲ. ಗುಲಾಬಿ ಅರಳಿದಾಗಲೇ ಕಿತ್ತುಕೊಳ್ಳಿ ಎಂದು 1648ರ ತನ್ನ ಸಂಕಲನದಲ್ಲಿ ಕನ್ಯೆಯರಿಗೆ ಬುದ್ಧಿ ಹೇಳಿದ ರಾಬರ್ಟ್ ಹೆರಿಕ್ ಪಾದ್ರಿಯಾಗಿದ್ದ. ಕೊನೆಯವರೆಗೂ ಬ್ರಹ್ಮಚಾರಿ. ಮಾರ್ವೆಲ್‌ನ ಮದುವೆಯ ಕತೆ ಇನ್ನೂ ಮಜವಾಗಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈ ಕವಿತೆಯಲ್ಲಿ ನಮ್ಮ ಗಂಗೆ ಹರಿಯುತ್ತಾಳೆ. ಕಾಲ ಬೇಕಾದಷ್ಟಿದ್ದರೆ ನೀನು ಗಂಗೆಯ ದಂಡೆಯಲ್ಲಿ ಮಾಣಿಕ್ಯ ಆರಿಸುತ್ತಿರು, ನಾನು ಇಲ್ಲಿ ಹಂಬರ್ ನದಿಯ ದಂಡೆಗೆ ಕೂತು ಗೋಳಾಡುತ್ತಿರುತ್ತೇನೆ ಎನ್ನುತ್ತಾನೆ. ಈಸ್ಟ್ ಇಂಡಿಯಾ ಕಂಪನಿ 1600ರಲ್ಲೇ ಹುಟ್ಟಿತ್ತು, ಗಂಗೆಯೆಂದರೆ ಮುತ್ತು ಮಾಣಿಕ್ಯ ಎಂಬ ಸುದ್ದಿ ಲಂಡನ್ನಿಗೆ ಮುಟ್ಟಿತ್ತು. ಕಾಶಿಗೆ ಹೋಗಿಬಂದ ನಮ್ಮೂರಿನವರು ತಂದದ್ದು ಬಾಯಿ ಬೆಸೆದ ತಾಮ್ರದ ಗಿಂಡಿ ಮಾತ್ರ. ಮಾಣಿಕ್ಯ ಕಂಡವರಿಲ್ಲ. ಆದರೆ ನನ್ನ ಮನಸ್ಸು ನಿಲ್ಲುವುದು ಹಂಬರ್ ಮೇಲೆ. ಮಾರ್ವೆಲ್ ಬೆಳೆದದ್ದು ಆ ನದಿಯ ಪಕ್ಕದ ಹಲ್ ಪಟ್ಟಣದಲ್ಲಿ. ಅವನ ಅಪ್ಪ 1641ರಲ್ಲಿ ಅದೇ ಹಂಬರ್ ದಾಟುವಾಗ ಮುಳುಗಿ ಸತ್ತ. ಹುಡುಗಿಯನ್ನು ನಗಿಸಲು ಬರೆದ ಸಾಲಿನಲ್ಲಿ ಆ ನದಿಯ ಹೆಸರನ್ನು ಅವನು ಸುಮ್ಮನೆ ಇಟ್ಟು ಮುಂದೆ ಹೋಗುತ್ತಾನೆ. ಪರೀಕ್ಷೆಯಲ್ಲಿ ಈ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಡನ್ (1572-1631) ಮಾರ್ವೆಲ್‌ಗಿಂತ ಒಂದು ತಲೆಮಾರು ಹಿರಿಯ, ಎರಡು ತಲೆಮಾರು ಕಿಲಾಡಿ. ಅವನ 'ದಿ ಫ್ಲೀ' ಕವಿತೆಯಲ್ಲಿ ಒಂದು ಚಿಗಟ ಮೊದಲು ಅವನನ್ನು ಕಚ್ಚಿ ಆಮೇಲೆ ಅವಳನ್ನು ಕಚ್ಚುತ್ತದೆ. ಇಬ್ಬರ ರಕ್ತವೂ ಅದರ ಹೊಟ್ಟೆಯಲ್ಲಿ ಕೂಡಿತಲ್ಲ, ಅಂದಮೇಲೆ ನಮ್ಮ ಲಗ್ನ ಆದ ಹಾಗೆಯೇ, ಚಿಗಟವೇ ನಮ್ಮ ಗುಡಿ, ಅದೇ ನಮ್ಮ ಹಾಸಿಗೆ ಎಂದು ಅವನ ವಾದ. ಅವಳು ಬಾಯಿ ಬಿಡುವುದಿಲ್ಲ. ಚಿಗಟವನ್ನು ಹಿಡಿದು ಉಗುರಿನ ಮೇಲೆ ಚಿಟ್ಟೆಂದು ಕುಕ್ಕುತ್ತಾಳೆ. ಇಷ್ಟಕ್ಕಾದರೂ ಗಂಡಸು ಸುಮ್ಮನಾಗಬೇಕಲ್ಲ? ಇಲ್ಲ. ನೋಡು, ಚಿಗಟ ಸತ್ತದ್ದರಿಂದ ನಿನಗೇನೂ ಆಗಲಿಲ್ಲ, ನನಗೆ ಒಲಿದರೂ ಅಷ್ಟೇ, ಏನೂ ಆಗುವುದಿಲ್ಲ ಎಂದು ಆ ಹೆಣವನ್ನೇ ಎತ್ತಿಕೊಂಡು ಮುಂದಿನ ವಾದಕ್ಕೆ ಹೋಗುತ್ತಾನೆ. ಅವಳಿಗೆ ಸಿಕ್ಕಿದ್ದು ಒಂದು ಉಗುರಿನಷ್ಟು ಜಾಗ. ಉಳಿದದ್ದೆಲ್ಲ ಅವನ ಮಾತೇ.

ನನ್ನ ತಕರಾರು ಇರುವುದು ಇಲ್ಲಿಯೇ. ಈ ಕವಿಗಳ ಬುದ್ಧಿಗೆ ನಾನು ಎಂದೋ ಮರುಳಾದವನು. ಆದರೆ ಇವೆಲ್ಲ ಅರ್ಧ ಜಗಳಗಳು. ಎದುರಿನವಳು ಏನಂದಳು? ನೂರಾರು ಪುಟದ ಟಿಪ್ಪಣಿಗಳಲ್ಲಿ ಗ್ರಹಗಳ ಚಲನೆಯ ಬಗ್ಗೆ ಇದೆ, ಅರಿಸ್ಟಾಟಲನ ಬಗ್ಗೆ ಇದೆ, ಅವಳ ಬಗ್ಗೆ ಒಂದು ಅಕ್ಷರವಿಲ್ಲ. ಇಲ್ಲಿ ಒಂದು ಕಪ್ಪು ಚಹಾಕ್ಕೇ ಮೂರು ಸಲ ಉತ್ತರ ಪಡೆಯಬೇಕಾದ ಊರಿನವನಿಗೆ ಇದು ಸರಿಕಾಣುವುದು ಹೇಗೆ?

ಡನ್ನನ ಜೀವನದಲ್ಲಿ ಒಬ್ಬಳು ಹೂಂ ಅಂದಳು. ಅದರ ಲೆಕ್ಕ ನಮ್ಮೆದುರು ಇದೆ. ಅವನು ಲಾರ್ಡ್ ಕೀಪರ್ ಥಾಮಸ್ ಎಗರ್ಟನ್ ಎಂಬ ದೊಡ್ಡ ಅಧಿಕಾರಿಯ ಕಾರ್ಯದರ್ಶಿ. ಆ ಮನೆಯ ಸಂಬಂಧಿಕರ ಹುಡುಗಿ ಆ್ಯನ್ ಮೋರ್. 1601ರಲ್ಲಿ ಕದ್ದು ಮದುವೆಯಾದರು. ಹುಡುಗಿಯ ಅಪ್ಪ ಕೆಂಡವಾದ. ಡನ್ನನ ನೌಕರಿ ಹೋಯಿತು, ಕೆಲವು ದಿನ ಜೈಲೂ ಆಯಿತು, ವರ್ಷಗಟ್ಟಲೆ ಬಡತನ ಬಂತು. ಹದಿನಾರು ವರ್ಷದ ಸಂಸಾರದಲ್ಲಿ ಆ್ಯನ್ 12 ಸಲ ಹೆತ್ತಳು. 1617ರಲ್ಲಿ ಕೊನೆಯ ಹೆರಿಗೆಯಲ್ಲಿ ಮಗು ಸತ್ತು ಹುಟ್ಟಿತು, ಅದರ ಬೆನ್ನಿಗೇ ತಾನೂ ತೀರಿಕೊಂಡಳು. ಡನ್ 1621ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಡೀನ್ ಆಗಿ, ಸಾವಿನ ಬಗ್ಗೆ ಉಪನ್ಯಾಸ ಮಾಡಿ ಇನ್ನೂ ಹೆಸರಾದ. ಪ್ರೀತಿಯ ಪದ್ಯಗಳು ಅಚ್ಚಾದದ್ದು ಅವನು ಸತ್ತ ಮೇಲೆ, 1633ರಲ್ಲಿ. ಒಲಿಸುವ ಪದ್ಯಗಳನ್ನು ಓದಿದವರೆಲ್ಲ ಈ 12ರ ಅಂಕಿಯನ್ನೂ ಒಮ್ಮೆ ಓದಬೇಕು ಎಂದು ನನ್ನ ಹಟ.

ಅವನ ಇನ್ನೊಂದು ಪದ್ಯದಲ್ಲಿ ಕೈವಾರ ಬರುತ್ತದೆ. 1611ರಲ್ಲಿ ಫ್ರಾನ್ಸಿಗೆ ಹೊರಟಾಗ ಹೆಂಡತಿಗೆ ಬರೆದುಕೊಟ್ಟದ್ದು ಎಂದು ಅವನ ಮೊದಲ ಚರಿತ್ರೆಕಾರ ಐಸಾಕ್ ವಾಲ್ಟನ್ ಹೇಳುತ್ತಾನೆ. ಗಂಡಹೆಂಡಿರು ಕೈವಾರದ ಎರಡು ಕಾಲು. ಒಂದು ನಟ್ಟ ನಡುವೆ ಊರಿ ನಿಲ್ಲುತ್ತದೆ, ಇನ್ನೊಂದು ಸುತ್ತುತ್ತದೆ. ಸುತ್ತುವ ಕಾಲು ದೂರ ಹೋದಷ್ಟೂ ನಿಂತ ಕಾಲು ಅದರ ಕಡೆಗೆ ಬಾಗುತ್ತದೆ, ಮನೆಗೆ ಬಂದಾಗ ನೆಟ್ಟಗಾಗುತ್ತದೆ. ತರಗತಿಯಲ್ಲಿ ಇದನ್ನು ಬೋರ್ಡಿನ ಮೇಲೆ ದೊಡ್ಡ ಮರದ ಕೈವಾರ ಹಿಡಿದು ತೋರಿಸಿದರೆ ಹುಡುಗಿಯರೂ ಪೆನ್ನು ಕೆಳಗಿಟ್ಟು ನೋಡುತ್ತಿದ್ದರು. ದೊಡ್ಡವ್ವ ಮಾತ್ರ, "ಮನ್ಯಾಗ ಕುಂತಾಕಿ ಅಕಿ, ತಿರಗಾಂವ ಅಂವ. ಇದಕ್ಕ ಪದ್ಯ ಯಾಕ ಬೇಕು?" ಎಂದು ಮೊರ ಒಮ್ಮೆ ಕೊಡವಿದಳು.

ಈ ಕೈವಾರಕ್ಕೆ ವಾರಿಗೆಯ ಒಂದು ಯಂತ್ರ ನಮ್ಮ ಕಡೆ ತಿರುಗುತ್ತಿತ್ತು. ಬಿಜಾಪುರದ ಸೂಫಿಗಳ ಪರಂಪರೆಯಲ್ಲಿ ಚಕ್ಕೀನಾಮಾ ಎಂಬ ಹಾಡುಗಳಿವೆ. ಹೆಂಗಸರು ಬೀಸುತ್ತ ಹಾಡಿಕೊಳ್ಳಲಿ ಎಂದು ದಖನಿಯಲ್ಲಿ ಕಟ್ಟಿದವು. ನೂಲುವವರಿಗೆ ಚರಖಾನಾಮಾ ಬೇರೆ. ಕಲಬುರಗಿಯ ಖಾಜಾ ಬಂದೇನವಾಜರ ಹೆಸರಿನಲ್ಲೂ ಒಂದು ಚಕ್ಕೀನಾಮಾ ಹೇಳುವುದುಂಟು. ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಬಂದ ಬಿಜಾಪುರದ ಸೂಫಿಗಳ ಮೇಲಿನ ಪುಸ್ತಕದಲ್ಲಿ ಇವುಗಳ ಬಗ್ಗೆ ಮನಸಾರೆ ಬರೆದಿದ್ದಾರೆ. ಬೀಸುಕಲ್ಲಿನ ಗೂಟ ಅಲಿಫ್ ಅಕ್ಷರದಂತೆ ನೆಟ್ಟಗಿದೆ, ಆದ್ದರಿಂದ ಅದು ಅಲ್ಲಾಹ. ನಡುವಿನ ಕೀಲ ಪೈಗಂಬರರು. ಸುತ್ತು ಸುತ್ತಿಗೂ ಬೀಸುವವಳ ಬಾಯಲ್ಲಿ ದೇವರ ಹೆಸರು. ಡನ್ ಲಂಡನ್ನಿನಲ್ಲಿ ಕೈವಾರ ತಿರುಗಿಸುವಾಗ ಬಿಜಾಪುರದಲ್ಲಿ ಎರಡನೇ ಇಬ್ರಾಹಿಂ ಆದಿಲಶಾಹ ಆಳುತ್ತಿದ್ದ. ಗೂಟ ಕಂಡರೆ ದೇವರನ್ನು ಕಾಣುವ, ಚಿಗಟ ಕಂಡರೆ ಲಗ್ನದ ಮಂಟಪ ಕಾಣುವ ಜಾತಿಯ ಬುದ್ಧಿ ಆ ಶತಮಾನದಲ್ಲಿ ಎರಡೂ ಕಡೆ ಹುರುಪಿನಲ್ಲಿತ್ತು. ವ್ಯತ್ಯಾಸ ಒಂದೇ. ಅಲ್ಲಿ ಅವಳು ನಿಂತ ಕಾಲು. ಇಲ್ಲಿ ಗೂಟ ಹಿಡಿದು ತಿರುಗಿಸುವವಳೇ ಅವಳು, ಹಾಡುವವಳೂ ಅವಳು.

ಹಾಗೆ ಹಾಡಿದವಳು ಯಾರದೋ ಪಾಠ ಒಪ್ಪಿಸಿ ಸುಮ್ಮನಾದಳೇ? ಭೀಮೆಯ ಸೀಮೆಯ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಹೊರತಂದಾಗ ಅದರಲ್ಲಿ ಹೆಂಗಸರ ಸ್ವಂತ ತ್ರಿಪದಿಗಳೇ ಬಂದವು. ತವರು, ಅತ್ತೆ, ಗಂಡ, ಕೂಸು, ದೇವರು ಯಾರಿಗೂ ಬಿಡದೆ ಮಾತು ತಿರುಗಿಸಿದ್ದಾರೆ. 1933ರ 'ಜೀವನ ಸಂಗೀತ'ದ ಲಾವಣಿಗಳಲ್ಲಿ ಗಂಡಸರು ಬಾಯಿ ತುಂಬ ಒಲವು ಹಾಡಿಕೊಂಡಿದ್ದಾರೆ. ಎರಡೂ ಪುಸ್ತಕ ಪಕ್ಕ ಪಕ್ಕ ಇಟ್ಟುಕೊಂಡು ಓದಿದರೆ ಜಗಳ ಪೂರಾ ಆಗುತ್ತದೆ.

ಕಾಲ ಸಾಲದು ಎಂಬ ಮಾತಿನ ಇನ್ನೊಂದು ಚಮತ್ಕಾರ ನಮ್ಮ ತತ್ವಪದಕಾರರನ್ನು ಓದಿದಾಗ ತಿಳಿಯುತ್ತದೆ. ನಮ್ಮ ಅಫಜಲಪುರ ತಾಲೂಕಿನ ಬಿದನೂರಿನಲ್ಲಿ ಹುಟ್ಟಿ ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆ ನಿಂತ ಮಡಿವಾಳಪ್ಪ ಮಾರ್ವೆಲ್‌ಗಿಂತ ಬಹಳ ಈಚಿನವ. ಅವನ ಪರಂಪರೆಯ ಪದಗಳನ್ನು ಈಗಲೂ ಏಕತಾರಿ ಹಿಡಿದು ರಾತ್ರಿಯಿಡೀ ಹಾಡುವವರಿದ್ದಾರೆ. ಆಯುಷ್ಯ ಕಡಿಮೆ, ದೇಹ ಮಣ್ಣು, ಯೌವನ ನಾಲ್ಕು ದಿನ. ಮಾರ್ವೆಲ್‌ನ ಎರಡು ಮೆಟ್ಟಿಲು ಇವರಲ್ಲೂ ಹಾಗೆಯೇ ಇವೆ. ಮೂರನೆಯ ಮೆಟ್ಟಿಲು ಮಾತ್ರ ತಿರುಗಾಮುರುಗಾ. ಆದಕಾರಣ ಅವಳ ಗೊಡವೆ ಬಿಡು, ಗುರುವಿನ ಪಾದ ಹಿಡಿ. ಒಂದೇ ಸಾಕ್ಷಿಯಿಂದ ವಾದಿಯೂ ಗೆದ್ದ, ಪ್ರತಿವಾದಿಯೂ ಗೆದ್ದ. ಕಾಲದಷ್ಟು ಸಲೀಸಾಗಿ ಕರೆದಲ್ಲಿ ಬಂದು ಸಾಕ್ಷಿ ಹೇಳುವ ಆಸಾಮಿ ಇನ್ನೊಬ್ಬನಿಲ್ಲ.

ಮಾರ್ವೆಲ್‌ನ ಓರಗೆಯವರೇ ಬೇಕೆಂದರೆ ಕಾಖಂಡಕಿಯ ಮಹಿಪತಿದಾಸರಿದ್ದಾರೆ. ಆದಿಲಶಾಹಿ ದರಬಾರಿನಲ್ಲಿ ದೊಡ್ಡ ಹುದ್ದೆ. ಶಾಹನುಂಗ ಎಂಬ ಅವಧೂತ ಅವರ ಬೆರಳಿನ ಮುದ್ರೆಯುಂಗುರ ಕೇಳಿ ತೆಗೆದುಕೊಂಡು ಕಂದಕದ ನೀರಿಗೆ ಎಸೆದನಂತೆ. ಸರಕಾರಿ ಮುದ್ರೆ, ವಾಪಸು ಬೇಕಲ್ಲ? ಕೇಳಿದರೆ ಹಿಡಿ ತುಂಬ ಅಂಥವೇ ಉಂಗುರ ತೋರಿಸಿ, ಇದರಲ್ಲಿ ನಿನ್ನದು ಯಾವುದು ಆರಿಸಿಕೋ ಅಂದನಂತೆ. ಮಹಿಪತಿಯವರು ನೌಕರಿಗೇ ಶರಣು ಹೊಡೆದರು. ಒಪ್ಪಿಸುವ ಕಲೆಯಲ್ಲಿ ಇದನ್ನು ಮೀರಿಸಿದ್ದು ನಾನು ಕಾಣೆ. 46 ಸಾಲೂ ಬೇಕಾಗಲಿಲ್ಲ.

ಅದೇ ಆದಿಲಶಾಹಿಯ ಇನ್ನೊಂದು ಕತೆ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ, ಹೇಳಲು ಖುಷಿಯೂ ಇಲ್ಲ. 1659ರಲ್ಲಿ ಮಾರ್ವೆಲ್ ಹಲ್ ಪಟ್ಟಣದ ಪ್ರತಿನಿಧಿಯಾಗಿ ಪಾರ್ಲಿಮೆಂಟಿಗೆ ಹೋದ. ಅದೇ ವರ್ಷ ಅಫಜಲಖಾನ ಶಿವಾಜಿಯ ಮೇಲೆ ದಂಡೆತ್ತಿ ಹೋಗಿ ಪ್ರತಾಪಗಡದಲ್ಲಿ ಸತ್ತ. ನಮ್ಮ ತಾಲೂಕಿನ ಬೋರ್ಡು ಓದಿದಾಗಲೆಲ್ಲ ಆ ಹೆಸರು ನೆನಪಾಗುತ್ತದೆ. ಹೊರಡುವ ಮುನ್ನ ಜೋಯಿಸರು ನೀನು ತಿರುಗಿ ಬರುವುದಿಲ್ಲ ಅಂದರಂತೆ. ತಾನು ಸತ್ತ ಮೇಲೆ ಹೆಂಡಂದಿರು ಇನ್ನೊಬ್ಬರ ಪಾಲಾಗಬಾರದೆಂದು ಎಲ್ಲರನ್ನೂ ಕೊಲ್ಲಿಸಿ ಹೋದ ಎಂಬುದು ಐತಿಹ್ಯ. ವಿಜಯಪುರದ ಹೊರಗೆ ಹೊಲಗಳ ನಡುವೆ ಸಾಠ್ ಕಬರ್ ಎಂಬ ಜಾಗ ಇದೆ. ಕಪ್ಪು ಕಲ್ಲಿನ ಗೋರಿಗಳು ಸಾಲುಗಟ್ಟಿ, ಒಂದೇ ಅಳತೆಯಲ್ಲಿ, ಒಂದೇ ಅಂತರದಲ್ಲಿ ಮಲಗಿವೆ. ಅವನು ತನಗಾಗಿ ಕಟ್ಟಿಸುತ್ತಿದ್ದ ಗೋರಿ ಅರ್ಧಕ್ಕೆ ನಿಂತಿದೆ. ಅವನನ್ನು ಹೂಳಿದ್ದು ಪ್ರತಾಪಗಡದಲ್ಲಿಯೇ. ಕಾಲ ಮುಗಿಯುತ್ತ ಬಂತು ಎಂಬ ಅದೇ ಮಾತಿಗೆ ಇವನು ಕೊಟ್ಟ ಮೂರನೆಯ ಮೆಟ್ಟಿಲು ಇದು. ಆ ಗೋರಿಗಳಲ್ಲಿ ಒಂದು ಬರಿದಾಗಿದೆ, ಒಬ್ಬಳು ತಪ್ಪಿಸಿಕೊಂಡಿರಬೇಕು ಎಂದು ಹೇಳುವವರಿದ್ದಾರೆ. ನಾನು ಅವರ ಪಕ್ಷ.

ಮಾರ್ವೆಲ್‌ನನ್ನು ನಿಜಕ್ಕೂ ಪರೀಕ್ಷೆಗೆ ಒಡ್ಡಬೇಕೆಂದರೆ ನಮ್ಮ ಕಡೆಯ ಹರದೇಶಿ-ನಾಗೇಶಿ ಗೀಗೀ ಮೇಳಕ್ಕೆ ಕರೆತರಬೇಕು. ಜಾತ್ರೆಯ ರಾತ್ರಿ ಎರಡು ಮೇಳ ಎದುರು ಬದುರು. ಹರದೇಶಿಯವರು ಗಂಡು ಹೆಚ್ಚು ಎಂದು ಹಾಡಬೇಕು, ನಾಗೇಶಿಯವರು ಹೆಣ್ಣು ಹೆಚ್ಚು ಎಂದು. ದಪ್ಪು, ತುಂತುಣಿ, ತಾಳ, ಹಿಂದೆ ಗೀಯ ಗೀಯ ಎಂದು ದನಿಗೂಡಿಸುವವರು. ಹೆಂಗಸರೇ ಮುಂದೆ ನಿಂತು ಹಾಡುವ ಮೇಳಗಳೂ ಉಂಟು. ಪುರಾಣ, ಒಗಟು, ಲೆಕ್ಕ, ಚೇಷ್ಟೆ ಯಾವುದೂ ವರ್ಜ್ಯವಿಲ್ಲ. ಒಂದೇ ನಿಯಮ. ಒಬ್ಬರು ಹಾಡಿ ಮುಗಿಸಿದರೆ ಇನ್ನೊಬ್ಬರು ಉತ್ತರ ಕೊಡಲೇಬೇಕು. ಸುಮ್ಮನಾದರೆ ಸೋತ ಹಾಗೆ. ಕೇಳುವ ಜನ ಕಂಬಳಿ ಹೊದ್ದು ಕೂತಿರುತ್ತಾರೆ, ಯಾರಿಗೂ ಮನೆಗೆ ಹೋಗುವ ಅವಸರವಿಲ್ಲ.

ಅಲ್ಲಿ ಮಾರ್ವೆಲ್ ದಪ್ಪು ಹಿಡಿದು ನಿಂತ ಎಂದುಕೊಳ್ಳಿ. 30,500 ವರ್ಷದ ಹೊಗಳಿಕೆ ಹಾಡಿದ, ರಥ ಬಂತೆಂದ, ಹುಳು ಎಂದ, ಈಗಲೇ ಬಾ ಎಂದು ಪಟ್ಟು ಮುಗಿಸಿದ. ನಾಗೇಶಿಯವಳು ಸೆರಗು ಸಿಗಿಸಿ ಎದ್ದು ನಿಲ್ಲುತ್ತಾಳೆ. ಮೂವತ್ತು ಸಾವಿರ ವರ್ಷ ಹೊಗಳ್ತೀನಿ ಅಂತಿ, ಹೋದ ವಾರ ಸಂತಿಯಿಂದ ನನಗೇನು ತಂದಿ? ಗೋರಿಯೊಳಗೆ ಹುಳು ನನಗಷ್ಟೇ ಹತ್ತತಾವೋ, ನಿನಗೂ ಹತ್ತತಾವೋ? ಕಾಲ ಬೆನ್ನು ಹತ್ತಿದ್ದು ನಿನಗಾದರೆ ನಾನ್ಯಾಕ ಓಡಬೇಕು? ಜನ ಹೋ ಎನ್ನುತ್ತಾರೆ. ಮಾರ್ವೆಲ್ ಪಾರ್ಲಿಮೆಂಟಿನಲ್ಲಿ ವರ್ಷಗಟ್ಟಲೆ ಕೂತವ, ಸುಲಭಕ್ಕೆ ಬಗ್ಗುವವನಲ್ಲ. ಅವನೂ ಇನ್ನೊಂದು ಪಟ್ಟು ಕಟ್ಟುತ್ತಾನೆ. ಬೆಳ್ಳಿ ಮೂಡುವ ಹೊತ್ತಿಗೆ ಅವನಿಗೆ ಹುಡುಗಿ ಸಿಕ್ಕಿರುವುದಿಲ್ಲ, ಆದರೆ ಪದ್ಯ 46 ಸಾಲಿನಿಂದ ನಾಲ್ಕುನೂರಕ್ಕೆ ಬೆಳೆದು ಇನ್ನೂ ರುಚಿಯಾಗಿರುತ್ತದೆ ಎಂಬ ಬಗ್ಗೆ ನನಗೆ ಸಂಶಯವಿಲ್ಲ.

ಇನ್ನು ಅವನ ಮದುವೆಯ ಕತೆ. ಮಾರ್ವೆಲ್ 1678ರ ಆಗಸ್ಟಿನಲ್ಲಿ ಸತ್ತ. ಎಲ್ಲರಿಗೂ ಗೊತ್ತಿದ್ದಂತೆ ಅವಿವಾಹಿತ. ಆಗ ಮೇರಿ ಪಾಮರ್ ಎಂಬವಳು ಮುಂದೆ ಬಂದಳು. ಲಂಡನ್ನಿನಲ್ಲಿ ಅವನಿದ್ದ ಮನೆಯನ್ನು ನೋಡಿಕೊಳ್ಳುತ್ತಿದ್ದವಳು. ನಾನು ಅವನ ಹೆಂಡತಿ, 1667ರಲ್ಲಿ ಗುಟ್ಟಾಗಿ ಲಗ್ನವಾಗಿದ್ದೆವು ಅಂದಳು. ದಿವಾಳಿಯೆದ್ದು ತಲೆಮರೆಸಿಕೊಂಡಿದ್ದ ಗೆಳೆಯರಿಗಾಗಿ ಆ ಮನೆಯನ್ನು ಬಾಡಿಗೆ ಹಿಡಿದದ್ದು, ಅಕ್ಕಸಾಲಿಗ-ಸಾಹುಕಾರನ ಹತ್ತಿರ ಇಟ್ಟಿದ್ದ 500 ಪೌಂಡು ಯಾರಿಗೆ ಸೇರಬೇಕೆಂಬ ಕೋರ್ಟಿನ ವ್ಯಾಜ್ಯ, ಎಲ್ಲ ಇದರಲ್ಲಿ ಸೇರಿಕೊಂಡಿವೆ. 1681ರಲ್ಲಿ ಮಾರ್ವೆಲ್‌ನ ಪದ್ಯಗಳ ಪುಸ್ತಕ ಅಚ್ಚಾಯಿತು. ಇವು ನನ್ನ ಗಂಡನ ಸ್ವಹಸ್ತಾಕ್ಷರದ ಪ್ರತಿಗಳಿಂದಲೇ ಮುದ್ರಿಸಿದವು ಎಂಬ ಟಿಪ್ಪಣಿ ಅದರ ಮೊದಲಿಗೇ ಇದೆ, ಕೆಳಗೆ ಮೇರಿ ಮಾರ್ವೆಲ್ ಎಂಬ ಸಹಿ. ವಿದ್ವಾಂಸರಲ್ಲಿ ಹೆಚ್ಚಿನವರು ಅವಳ ಮಾತು ನಂಬುವುದಿಲ್ಲ. ವಿಲಿಯಂ ಎಂಪ್ಸನ್ ಒಬ್ಬ ಅವಳ ಪರ ವಕಾಲತ್ತು ವಹಿಸಿದ. ಆ ನಾಚುವ ಹುಡುಗಿಯ ಪದ್ಯ ಆ ಪುಸ್ತಕದ ಮೂಲಕವೇ ನಮ್ಮ ಕೈಗೆ ಬಂದದ್ದು.

ಇದನ್ನು ಹೇಳಿದಾಗ ಕಾಕಾನ ಕಿವಿ ನೆಟ್ಟಗಾಯಿತು. "ಲಗ್ನದ ಕಾಗದ ಇತ್ತೇನು?"

"ಇರಲಿಲ್ಲ."

"ಮತ್ತ? ಸಾಯೋಕಿಂತ ಮೊದಲ ಎಲ್ಲ್ಯಾರ ಹೆಸರು ಹಚ್ಚಿದ್ನೇನು? ನಾಮಿನಿ?"

"ಕಾಗದ ಇಲ್ಲದಿದ್ರೇನಾತು," ಎಂದಳು ದೊಡ್ಡವ್ವ, "ಮನಿ ಕೀಲಿ ಅಕಿ ಕೈಯಾಗ ಇತ್ತಲ್ಲ."

ಕಾಕಾ ಸೊಸೈಟಿಯ ನಿಯಮ ತೆಗೆದ. ಕೀಲಿ ಇದ್ದ ಮಾತ್ರಕ್ಕೆ ಹಕ್ಕು ಬರುವುದಿಲ್ಲ, ವಾರಸಾ ಬೇಕು, ಪಂಚರ ಮುಂದೆ ಜವಾಬು ಆಗಬೇಕು, ಕಮ್ಮಿಯೆಂದರೆ ಇಬ್ಬರು ಸಾಕ್ಷಿ ಸಹಿ ಮಾಡಬೇಕು ಎಂದು ಒಂದೊಂದೇ ಬೆರಳು ಮಡಚಿದ. ದೊಡ್ಡವ್ವ ಪೂರಾ ಕೇಳಿಸಿಕೊಂಡಳು. ಆಮೇಲೆ ಬೇಳೆಯಿಂದ ಹೆಕ್ಕಿದ ಹರಳನ್ನು ಅಂಗಳಕ್ಕೆ ಒಗೆದು, "ಒಂದು ಸಾಕ್ಷಿ ನಂದು ಬರ್ಕೋ," ಅಂದಳು.